ಜಿಟಿ 730 ಕಾರ್ಡ್: 535 ಡ್ರೈವರ್ ಹಾಕಿದ ಮೇಲೆ ಪರದೆ 1024×768ಕ್ಕೆ ಇಳಿದಿದೆ (ಲಿನಕ್ಸ್ ಮಿಂಟ್ 21.3)

1. ಅಚ್ಚುಮೊಳೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕಗಳ ಕೆಲಸಕ್ಕೆ ಇಂಕ್‌ಸ್ಕೇಪ್ ಮತ್ತು ಸ್ಕ್ರೈಬಸ್ ಸಾಕಾಗುವುದರಿಂದ ಕೆಲವು ವರ್ಷಗಳಿಂದ ಲಿನಕ್ಸ್ ಮಿಂಟ್ ಬಳಸುತ್ತಿದ್ದೇನೆ. ಯಂತ್ರದಲ್ಲಿ ಐ5-4570 ಪ್ರೊಸೆಸರ್, 8 ಜಿಬಿ ರ್‍ಯಾಮ್ ಹಾಗೂ ಎನ್‌ವಿಡಿಯಾ ಜಿಟಿ 730 ಕಾರ್ಡ್ ಇವೆ. ಕಾರ್ಡಿಗೆ ಎರಡು ಮಾನಿಟರ್ ಜೋಡಿಸಿದ್ದೇನೆ. ಒಂದರಲ್ಲಿ ಗ್ರಾಹಕರು ಕೊಟ್ಟ ಮೂಲಪ್ರತಿ, ಇನ್ನೊಂದರಲ್ಲಿ ವಿನ್ಯಾಸ.

ಕಳೆದ ಭಾನುವಾರದವರೆಗೆ ಯಾವ ತೊಂದರೆಯೂ ಇರಲಿಲ್ಲ. ರಜೆಗೆ ಬಂದ ನನ್ನ ಅಕ್ಕನ ಮಗ ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಕರ್ನಲ್‌ಗಳ (ಲಿನಕ್ಸ್‌ನ ತಿರುಳು ಭಾಗದ ಆವೃತ್ತಿಗಳ) ಪಟ್ಟಿಯನ್ನು ನೋಡಿ, 5.15 ತೀರ ಹಳೆಯದಾಯಿತೆಂದು 6.8 ಹಾಕಿಕೊಟ್ಟ. ಮರಳಿ ಚಾಲೂ ಮಾಡಿದಾಗ ಒಂದು ಮಾನಿಟರ್ ಕಪ್ಪಾಗಿಯೇ ಉಳಿಯಿತು. ಅದನ್ನು ಸರಿಪಡಿಸಲು ಅವನು ಅಂತರಜಾಲದಲ್ಲಿ ಸಿಕ್ಕ ಸೂಚನೆಗಳನ್ನು ಒಂದೊಂದಾಗಿ ಪಾಲಿಸಿ, ಕೊನೆಗೆ ಎನ್‌ವಿಡಿಯಾದ 535 ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹಾಕಿದ. ಈಗ ಎರಡನೆಯ ಮಾನಿಟರ್ ಇಲ್ಲವೇ ಇಲ್ಲ. ಮೊದಲನೆಯದು 1024×768ಕ್ಕೆ ಇಳಿದಿದ್ದು, ಅದಕ್ಕಿಂತ ಹೆಚ್ಚಿನ ಅಳತೆ ಪಟ್ಟಿಯಲ್ಲೇ ಕಾಣುತ್ತಿಲ್ಲ. ಕಿಟಕಿಯೊಂದನ್ನು ಹಿಡಿದು ಎಳೆದರೆ ಅದರ ನೆರಳು ಹಿಂದೆಯೇ ಉಳಿದುಕೊಂಡು ಮೆಲ್ಲಗೆ ಬರುತ್ತದೆ. ಏನೂ ಕೆಲಸ ಮಾಡದಿದ್ದರೂ ಫ್ಯಾನ್ ಒಂದೇ ಸಮನೆ ಕೂಗುತ್ತಿದೆ.

ಬುಧವಾರ ಒಂದು ಲಗ್ನಪತ್ರಿಕೆ ಅಚ್ಚಿಗೆ ಹೋಗಲೇಬೇಕು. ಎಲ್ಲವನ್ನೂ ಅಳಿಸಿ ಮಿಂಟ್ ಅನ್ನು ಹೊಸದಾಗಿ ಹಾಕುವುದೊಂದೇ ದಾರಿಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

2. ಹಳೇಪೆಟ್ಟಿಗೆ

ಇದು ಬಹುಮಟ್ಟಿಗೆ ಸೆಕ್ಯೂರ್ ಬೂಟ್ ಸಮಸ್ಯೆಯಂತೆ ಕಾಣುತ್ತದೆ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ, ಸಹಿ ಇಲ್ಲದ ಎನ್‌ವಿಡಿಯಾ ಮಾಡ್ಯೂಲನ್ನು (ಕರ್ನಲ್‌ಗೆ ಸೇರುವ ಡ್ರೈವರ್ ಭಾಗವನ್ನು) ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಟರ್ಮಿನಲ್‌ನಲ್ಲಿ "ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್" ಎಂದು ಕೊಟ್ಟು ನೋಡಿರಿ. ಅದು ಸರಿಯಿದ್ದರೆ 535 ತೆಗೆದು 550 ಹಾಕಿ ನೋಡಬಹುದು. ಹೊಸ ಕರ್ನಲ್‌ಗೆ ಹೊಸ ಡ್ರೈವರ್ ಹೊಂದುತ್ತದೆ.

3. ಅಚ್ಚುಮೊಳೆ

ತಕ್ಷಣ ಉತ್ತರಿಸಿದ್ದಕ್ಕೆ ಧನ್ಯವಾದಗಳು. "ಸೆಕ್ಯೂರ್‌ಬೂಟ್ ಡಿಸೇಬಲ್ಡ್" ಎಂದು ಬಂದಿದೆ. ಹಾಗಾದರೆ 550 ಹಾಕಲೇ?

4. ರಾತ್ರಿಪಾಳಿ

ಅಚ್ಚುಮೊಳೆಯವರೇ, ದಯವಿಟ್ಟು ಈಗ ಯಾವ ಡ್ರೈವರನ್ನೂ ಹಾಕಬೇಡಿ. ಒಂದರ ಮೇಲೊಂದು ಹಾಕುತ್ತ ಹೋದಂತೆಲ್ಲ ಮೂಲದಲ್ಲಿ ಏನು ಕೆಟ್ಟಿತ್ತೆಂಬುದೇ ಮರೆಯಾಗಿಬಿಡುತ್ತದೆ.

ಮೊದಲು ಬುಧವಾರದ ಕೆಲಸದ ಮಾತು. ನಿಮ್ಮ ಐ5-4570 ಒಳಗೇ ಇಂಟೆಲ್ ಎಚ್‌ಡಿ 4600 ಗ್ರಾಫಿಕ್ಸ್ ಇದೆ. ಅದರ ಡ್ರೈವರ್ ಕರ್ನಲ್ ಜೊತೆಯಲ್ಲೇ ಬರುವುದರಿಂದ ನೀವು ಏನನ್ನೂ ಹಾಕಬೇಕಿಲ್ಲ. ಮಾನಿಟರ್ ಕೇಬಲ್ಲನ್ನು ಕಾರ್ಡಿನಿಂದ ಕಳಚಿ, ಮದರ್‌ಬೋರ್ಡಿನ ಹಿಂಭಾಗದಲ್ಲಿ ಯುಎಸ್‌ಬಿ ಕಿಂಡಿಗಳ ಸಾಲಿನಲ್ಲಿರುವ ಜಾಗಕ್ಕೆ ಚುಚ್ಚಿ ಚಾಲೂ ಮಾಡಿ. ಏನೂ ಬಾರದಿದ್ದರೆ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಒಳಗಿನ ಗ್ರಾಫಿಕ್ಸನ್ನು ಆಫ್ ಮಾಡಿರುತ್ತಾರೆ; ಬೇರೆ ಕಾರ್ಡ್ ಕಂಡೊಡನೆ ಹಾಗೆ ಆಫ್ ಮಾಡುವ ಬೋರ್ಡುಗಳು ಹಲವು. ಅಲ್ಲಿ ಅದನ್ನು ಚಾಲೂ ಮಾಡಿದರೆ ಲಗ್ನಪತ್ರಿಕೆಗೆ ತೊಂದರೆಯಾಗದು.

ಅನಂತರ ಬಿಡುವಾದಾಗ ಈ ಮೂರು ಕಮಾಂಡ್‌ಗಳ ಉತ್ತರವನ್ನು ಇಲ್ಲಿ ಹಾಕಿ. ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಿಕೊಂಡು ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಮೊದಲನೆಯದು "ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ". ಅದರಲ್ಲಿ ವಿಜಿಎ ಎಂದು ಬರುವ ಸಾಲು ಮತ್ತು ಅದರ ಕೆಳಗಿನ ಸಾಲುಗಳು ಮಾತ್ರ ಸಾಕು. ಎರಡನೆಯದು "ಡಿಕೆಎಂಎಸ್ ಸ್ಟೇಟಸ್"; ಹೊರಗಿನ ಡ್ರೈವರನ್ನು ಪ್ರತಿ ಕರ್ನಲ್‌ಗೂ ಹೊಂದುವಂತೆ ಕಟ್ಟಿಕೊಡುವ ಸಾಧನವೇ ಡಿಕೆಎಂಎಸ್. ಮೂರನೆಯದು "ಸುಡೊ ಡಿಮೆಸೇಜ್", ಅದರಲ್ಲಿ ಎನ್‌ವಿಆರ್‌ಎಂ ಎಂದು ಆರಂಭವಾಗುವ ಸಾಲುಗಳು. ಈ ಮೂರನೆಯ ಕಮಾಂಡಿನ ಕಾಗುಣಿತದಲ್ಲಿ "ಮೆಸೇಜ್" ಪೂರ್ತಿ ಇರುವುದಿಲ್ಲ. ಡಿ, ಎಂ, ಇ, ಎಸ್, ಜಿ ಎಂಬ ಐದೇ ಅಕ್ಷರಗಳು.

5. ಅಚ್ಚುಮೊಳೆ

ಕೇಬಲ್ ಬದಲಿಸಿದೆ, ಬಯಾಸ್‌ನಲ್ಲಿ ನೀವು ಹೇಳಿದಂತೆಯೇ ಅದನ್ನು ಆಫ್ ಮಾಡಿಟ್ಟಿದ್ದರು. ಈಗ ಪರದೆ ತನ್ನ ಪೂರ್ಣ ಅಳತೆಗೆ ಬಂದಿದೆ. ಇಷ್ಟು ವರ್ಷ ಒಳಗೊಂದು ಗ್ರಾಫಿಕ್ಸ್ ಸುಮ್ಮನೆ ಕುಳಿತಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಪತ್ರಿಕೆ ಅಚ್ಚಿಗೆ ಹೋಯಿತು.

ನೀವು ಕೇಳಿದ ಉತ್ತರಗಳನ್ನು ಮಾನಿಟರನ್ನು ಮತ್ತೆ ಕಾರ್ಡಿಗೆ ಜೋಡಿಸಿ ತೆಗೆದಿದ್ದೇನೆ. ಮೊದಲನೆಯದರಲ್ಲಿ "ಎನ್‌ವಿಡಿಯಾ ಕಾರ್ಪೊರೇಷನ್ ಜಿಎಫ್108, ಜಿಫೋರ್ಸ್ ಜಿಟಿ 730, 10ಡಿಇ:0ಎಫ್02" ಎಂದಿದೆ. ಅದರ ಕೆಳಗೆ "ಕರ್ನಲ್ ಮಾಡ್ಯೂಲ್ಸ್" ಎಂಬಲ್ಲಿ ಎನ್‌ವಿಡಿಯಾಎಫ್‌ಬಿ, ನೂವೋ, ಎನ್‌ವಿಡಿಯಾ ಮುಂತಾದ ಹೆಸರುಗಳಿವೆ. ಡಿಕೆಎಂಎಸ್ ಉತ್ತರದಲ್ಲಿ 535 ಶ್ರೇಣಿಯ ಡ್ರೈವರ್ 5.15 ಮತ್ತು 6.8 ಎರಡೂ ಕರ್ನಲ್‌ಗಳಿಗೆ "ಇನ್‌ಸ್ಟಾಲ್ಡ್" ಎಂದಿದೆ. ಇದನ್ನು ನೋಡಿದರೆ ಎಲ್ಲವೂ ಸರಿಯಿರುವಂತಿದೆ! ಮೂರನೆಯದು ಉದ್ದವಾಗಿದೆ; ಅದರಲ್ಲಿ 390 ಎಂಬ ಸಂಖ್ಯೆ ಏಕೆ ಬಂದಿದೆಯೋ ತಿಳಿಯಲಿಲ್ಲ. ಹಳೆಯ ಡ್ರೈವರಿನ ಅವಶೇಷವಿರಬಹುದೇ?

6. ರಾತ್ರಿಪಾಳಿ

ಅವಶೇಷವಲ್ಲ, ಅದೇ ಉತ್ತರ. ಆ ಸಾಲುಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿರಿ. ಈ ಯಂತ್ರದಲ್ಲಿರುವ ಜಿಟಿ 730 ಕಾರ್ಡಿಗೆ ಬೆಂಬಲವಿರುವುದು 390 ಶ್ರೇಣಿಯ ಹಳೆಯ ಡ್ರೈವರುಗಳಲ್ಲಿ, ಆದ್ದರಿಂದ 535 ಡ್ರೈವರ್ ಈ ಕಾರ್ಡನ್ನು ಪರಿಗಣಿಸುವುದಿಲ್ಲ ಎಂಬುದು ಅದರ ಅರ್ಥ. ಡ್ರೈವರ್ ತಾನಾಗಿಯೇ "ನಾನು ನಿನ್ನವನಲ್ಲ, ಅವನನ್ನು ಕರೆ" ಎಂದು ಹೆಸರು ಹಿಡಿದು ಹೇಳಿದೆ.

ಇನ್ನು ಮೊದಲನೆಯ ಉತ್ತರದಲ್ಲಿ ಇರುವುದಕ್ಕಿಂತ ಇಲ್ಲದಿರುವುದು ಮುಖ್ಯ. ಸರಿಯಾಗಿ ನಡೆಯುವ ಯಂತ್ರದಲ್ಲಿ "ಕರ್ನಲ್ ಮಾಡ್ಯೂಲ್ಸ್" ಎಂಬ ಸಾಲಿನ ಮೇಲೆ "ಕರ್ನಲ್ ಡ್ರೈವರ್ ಇನ್ ಯೂಸ್" ಎಂಬ ಇನ್ನೊಂದು ಸಾಲಿರುತ್ತದೆ. ನಿಮ್ಮಲ್ಲಿ ಅದಿಲ್ಲ. ಮಾಡ್ಯೂಲ್ಸ್ ಎಂದರೆ ಈ ಕಾರ್ಡಿಗೆ ಅರ್ಜಿ ಹಾಕಬಹುದಾದವರ ಪಟ್ಟಿ. ಇನ್ ಯೂಸ್ ಎಂದರೆ ನಿಜವಾಗಿ ಕೆಲಸಕ್ಕೆ ಸೇರಿದವರು. ಡಿಕೆಎಂಎಸ್‌ನ "ಇನ್‌ಸ್ಟಾಲ್ಡ್" ಕೂಡ ಮಾಡ್ಯೂಲ್ ಕಂಪೈಲ್ ಆಗಿ ತನ್ನ ಜಾಗದಲ್ಲಿ ಕುಳಿತಿದೆ ಎಂದಷ್ಟೇ ಹೇಳುತ್ತದೆ, ಕಾರ್ಡನ್ನು ಹಿಡಿದುಕೊಂಡಿದೆ ಎಂದಲ್ಲ.

ಹಾಗಾಗಿ ನಡೆದದ್ದು ಇಷ್ಟು. ನಿಮ್ಮ ಯಂತ್ರದಲ್ಲಿ ಇದ್ದದ್ದು 390. ಆ ಶ್ರೇಣಿಗೆ ಎನ್‌ವಿಡಿಯಾದ ಬೆಂಬಲ 2022ರ ಕೊನೆಗೇ ನಿಂತಿತು. ಕರ್ನಲ್‌ನ ಒಳಗಿನ ಕಾರ್ಯವಿಧಾನಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತವೆ. ಕರ್ನಲ್ ಜೊತೆಯಲ್ಲೇ ಇರುವ ಡ್ರೈವರುಗಳನ್ನು ಬದಲಾವಣೆ ಮಾಡುವವರೇ ತಿದ್ದಿಕೊಳ್ಳುತ್ತಾರೆ, ಹೊರಗಿನಿಂದ ಬರುವ ಡ್ರೈವರನ್ನು ಅದರ ಒಡೆಯರೇ ತಿದ್ದಬೇಕು. ಒಡೆಯರು ಕೈಬಿಟ್ಟ 390 ಹಳೆಯ 5.15ರಲ್ಲಿ ನಡೆಯುತ್ತಿತ್ತು, 6.8ರಲ್ಲಿ ಕಂಪೈಲ್ ಆಗಲಿಲ್ಲ. ಮೊದಲಿಗೆ ಒಂದು ಮಾನಿಟರ್ ಕಪ್ಪಾದದ್ದು ಆಗ. ಅನಂತರ 535 ಬಂತು. ಅದು ಕಂಪೈಲ್ ಆಯಿತು, ಆದರೆ ಕಾರ್ಡನ್ನು ಮುಟ್ಟಲಿಲ್ಲ. ಜೊತೆಗೆ, ಎನ್‌ವಿಡಿಯಾ ಪ್ಯಾಕೇಜುಗಳು ತಮಗೆ ಅಡ್ಡಬಾರದೆಂದು ಮುಕ್ತ ಡ್ರೈವರಾದ ನೂವೋಗೂ ತಡೆ ಹಾಕುತ್ತವೆ. ತಾನೂ ನಡೆಸದೆ ನಡೆಸುವವನನ್ನೂ ಬಿಡದ ಸ್ಥಿತಿ. ಆಗ ಉಳಿದದ್ದು ಬೂಟ್ ಆಗುವಾಗ ಫರ್ಮ್‌ವೇರ್ ಹಾಕಿಕೊಟ್ಟ ಬರಿಯ ಚೌಕಟ್ಟು, ಅದರ ಅಳತೆ 1024×768. ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬಿತ್ತು. "ಇನ್‌ಎಕ್ಸ್‌ಐ -ಜಿ" ಕೊಟ್ಟಿದ್ದರೆ ರೆಂಡರರ್ ಎಂಬಲ್ಲಿ ಎಲ್‌ಎಲ್‌ವಿಎಂಪೈಪ್ (ಪ್ರೊಸೆಸರಿನಿಂದಲೇ ಚಿತ್ರ ಬಿಡಿಸುವ ತಂತ್ರಾಂಶ) ಎಂದು ಕಾಣುತ್ತಿತ್ತು. ಕಿಟಕಿಯ ನೆರಳಿಗೂ ಫ್ಯಾನಿನ ಕೂಗಿಗೂ ಅದೇ ಕಾರಣ.

ಹೆಸರಿನ ಬಗ್ಗೆಯೂ ಒಂದು ಮಾತು. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ತಲೆಮಾರಿನ ಚಿಪ್‌ಗಳು ಮಾರಾಟವಾಗಿವೆ. ಜಿಎಫ್108 ಎಂಬುದು ಫರ್ಮಿ ತಲೆಮಾರಿನದು, ಅದರಲ್ಲಿ 96 ಕೋರ್‌ಗಳು. ಜಿಕೆ208 ಎಂಬುದು ಕೆಪ್ಲರ್ ತಲೆಮಾರಿನದು, ಅದರಲ್ಲಿ 384 ಕೋರ್‌ಗಳು. ಫರ್ಮಿಗೆ ಕೊನೆಯ ಡ್ರೈವರ್ 390, ಕೆಪ್ಲರ್‌ಗೆ 470. ಆದ್ದರಿಂದ "ನನ್ನ ಜಿಟಿ 730ಗೆ 470 ನಡೆಯಿತು" ಎಂದು ಯಾರಾದರೂ ಬರೆದಿದ್ದರೆ ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಅದು ನಿಮ್ಮ ಕಾರ್ಡಲ್ಲ. ಪೆಟ್ಟಿಗೆಯ ಮೇಲಿನ ಹೆಸರನ್ನು ಬಿಟ್ಟು ಚಿಪ್‌ನ ಹೆಸರು ಹಿಡಿದು ಹುಡುಕಬೇಕು.

ಈಗ ಮಾಡಬೇಕಾದ ಕೆಲಸ, ಇದೇ ಅನುಕ್ರಮದಲ್ಲಿ. ಚಾಲೂ ಮಾಡುವಾಗ ಎಸ್ಕೇಪ್ ಅಥವಾ ಶಿಫ್ಟ್ ಕೀಲಿ ಒತ್ತಿ ಗ್ರಬ್ ಪಟ್ಟಿಗೆ (ಯಾವ ಕರ್ನಲ್‌ನಿಂದ ಚಾಲೂ ಆಗಬೇಕೆಂದು ಕೇಳುವ ಪಟ್ಟಿಗೆ) ಬಂದು, ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ 5.15 ಆರಿಸಿ ಒಳಬನ್ನಿ. ಅಪ್‌ಡೇಟ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿರುವ ಲಿನಕ್ಸ್ ಕರ್ನಲ್ಸ್‌ಗೆ ಹೋಗಿ 6.8 ತೆಗೆಯಿರಿ. ಇದನ್ನು ಮೊದಲೇ ಮಾಡದಿದ್ದರೆ, ನೀವು 390 ಹಾಕುವಾಗ ಡಿಕೆಎಂಎಸ್ ಅದನ್ನು 6.8ಕ್ಕೂ ಕಂಪೈಲ್ ಮಾಡಲು ಹೋಗಿ ಸೋತು, ಇಡೀ ಪ್ಯಾಕೇಜ್ ಅರ್ಧಕ್ಕೆ ನಿಲ್ಲುತ್ತದೆ. ಬಳಿಕ "ಸುಡೊ ಆಪ್ಟ್ ಪರ್ಜ್" ಮೂಲಕ ಎನ್‌ವಿಡಿಯಾ ಎಂದು ಆರಂಭವಾಗುವ ಮತ್ತು ಲಿಬ್‌ಎನ್‌ವಿಡಿಯಾ ಎಂದು ಆರಂಭವಾಗುವ ಎಲ್ಲ ಪ್ಯಾಕೇಜುಗಳನ್ನೂ ತೆಗೆದು ಮರಳಿ ಚಾಲೂ ಮಾಡಿ. ಆಗ ನೂವೋ ಬರಬೇಕು. ಅಲ್ಲಿಗೆ ನಿಲ್ಲಿಸಿ ಇಲ್ಲಿ ತಿಳಿಸಿ; 390 ಹಾಕುವುದು ಆಮೇಲೆ.

7. ಹಳೇಪೆಟ್ಟಿಗೆ

ನನ್ನ ಸಲಹೆ ತಪ್ಪಾಗಿತ್ತು. ಕಾರ್ಡಿನ ಚಿಪ್ ಯಾವುದೆಂದು ಕೇಳದೆಯೇ 550 ಎಂದುಬಿಟ್ಟೆ. ನನ್ನದೂ ಜಿಟಿ 730, ಆದರೆ ಈಗ ನೋಡಿದರೆ ಜಿಕೆ208.

2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲುಗಳ ಮೂಲ ಸಂಕೇತವನ್ನು ಮುಕ್ತವಾಗಿ ಬಿಡುಗಡೆ ಮಾಡಿತಲ್ಲ, ಅದರಿಂದ ಈ ಹಳೆಯ ಕಾರ್ಡುಗಳಿಗೆ ಏನಾದರೂ ಪ್ರಯೋಜನವಿದೆಯೇ? 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಆ ಕಂಪನಿಗೆ ತೋರಿಸಿದ ಬೆರಳನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಹತ್ತು ವರ್ಷಗಳ ನಂತರ ಆ ಸುದ್ದಿ ಬಂದಾಗ ಬಹಳ ಆಸೆ ಹುಟ್ಟಿತ್ತು.

8. ರಾತ್ರಿಪಾಳಿ

ಇಲ್ಲ. ಆ ಮುಕ್ತ ಮಾಡ್ಯೂಲುಗಳು ಟ್ಯೂರಿಂಗ್ ಮತ್ತು ಅನಂತರದ ತಲೆಮಾರುಗಳಿಗೆ ಮಾತ್ರ, ಏಕೆಂದರೆ ಅವು ಬಹಳಷ್ಟು ಕೆಲಸವನ್ನು ಕಾರ್ಡಿನಲ್ಲೇ ಇರುವ ಜಿಎಸ್‌ಪಿ ಎಂಬ ಪುಟ್ಟ ಪ್ರೊಸೆಸರಿಗೆ ಒಪ್ಪಿಸುತ್ತವೆ. ಫರ್ಮಿಯಲ್ಲಿ ಅದು ಇಲ್ಲವೇ ಇಲ್ಲ.

9. ಕೆಂಪುಮಣ್ಣು

ನನಗೂ ಇದೇ ಸಮಸ್ಯೆ. ಆರ್‌ಟಿಎಕ್ಸ್ 3050 ಇರುವ ಲ್ಯಾಪ್‌ಟಾಪ್, ಉಬುಂಟು 24.04. "ಎನ್‌ವಿಡಿಯಾ-ಎಸ್‌ಎಂಐ" ಕೊಟ್ಟರೆ ಡ್ರೈವರ್ ಜೊತೆ ಸಂಪರ್ಕ ಸಾಧ್ಯವಾಗಲಿಲ್ಲ ಎನ್ನುತ್ತದೆ. "ಮಾಡ್‌ಪ್ರೋಬ್ ಎನ್‌ವಿಡಿಯಾ" ಕೊಟ್ಟರೆ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಎಂದು ಬರುತ್ತದೆ. ನಾನೂ 390 ಹಾಕಬೇಕೇ ಸರ್?

10. ರಾತ್ರಿಪಾಳಿ

ಖಂಡಿತ ಬೇಡ. ನಿಮ್ಮ ಸಮಸ್ಯೆ ಬೇರೆ. ಹಳೇಪೆಟ್ಟಿಗೆಯವರು ಮೇಲೆ ಹೇಳಿದ ಸೆಕ್ಯೂರ್ ಬೂಟ್ ಇಲ್ಲಿ ನಿಜವಾಗಿ ಅನ್ವಯಿಸುತ್ತದೆ. ಡ್ರೈವರ್ ಹಾಕುವಾಗ ನಿಮ್ಮಿಂದ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಬಾರಿ ಚಾಲೂ ಆಗುವಾಗ ನೀಲಿ ಬಣ್ಣದ ಪರದೆಯೊಂದು ಬಂದಿರಬೇಕಲ್ಲವೇ? ಅದು ಹತ್ತು ಸೆಕೆಂಡು ಮಾತ್ರ ಕಾದು, ನೀವು ಯಾವ ಕೀಲಿಯನ್ನೂ ಒತ್ತದಿದ್ದರೆ ಸುಮ್ಮನೆ ಮುಂದೆ ಹೋಗಿಬಿಡುತ್ತದೆ. ಆಗ ಮಾಡ್ಯೂಲಿನ ಮೇಲೆ ಸಹಿ ಇರುತ್ತದೆ, ಆದರೆ ಆ ಸಹಿ ಯಾರದೆಂದು ಕರ್ನಲ್‌ಗೆ ತಿಳಿದಿರುವುದಿಲ್ಲ.

"ಸುಡೊ ಮೋಕ್‌ಯುಟಿಲ್ --ಇಂಪೋರ್ಟ್" ಎಂದು ಬರೆದು, ವಾರ್ ಕಡತಕೋಶದ ಲಿಬ್ ಒಳಗಿನ ಶಿಮ್-ಸೈನ್ಡ್ ಎಂಬಲ್ಲಿ, ಮೋಕ್ ಉಪಕೋಶದಲ್ಲಿರುವ ಮೋಕ್.ಡಿಇಆರ್ ಎಂಬ ಸಹಿಕೀಲಿ ಕಡತದ ವಿಳಾಸವನ್ನು ಕೊಡಿ. ಒಂದು ಸರಳ ಪಾಸ್‌ವರ್ಡ್ ಇಟ್ಟು ಮರಳಿ ಚಾಲೂ ಮಾಡಿ. ನೀಲಿ ಪರದೆ ಬಂದ ಕೂಡಲೇ ಒಂದು ಕೀಲಿ ಒತ್ತಿ, ಎನ್‌ರೋಲ್ ಮೋಕ್, ಕಂಟಿನ್ಯೂ, ಯೆಸ್ ಎಂದು ಆರಿಸಿ ಅದೇ ಪಾಸ್‌ವರ್ಡ್ ಕೊಡಿ.

11. ಕೆಂಪುಮಣ್ಣು

ಆಯಿತು ಸರ್, ಎನ್‌ವಿಡಿಯಾ-ಎಸ್‌ಎಂಐ ಈಗ ಕಾರ್ಡಿನ ಹೆಸರು, ತಾಪಮಾನ ಎಲ್ಲವನ್ನೂ ತೋರಿಸುತ್ತಿದೆ. ಆ ನೀಲಿ ಪರದೆಯನ್ನು ಕಂಡು ವೈರಸ್ ಎಂದುಕೊಂಡು ಮೊದಲ ಸಲ ಪವರ್ ಗುಂಡಿಯನ್ನೇ ಒತ್ತಿ ಆರಿಸಿದ್ದೆ.

12. ನಿರ್ವಾಹಕ

ಕೆಂಪುಮಣ್ಣು ಅವರ ಪ್ರಶ್ನೆಗೆ ಪರಿಹಾರ ದೊರೆತಿರುವುದರಿಂದ ಇಲ್ಲಿಯೇ ಉಳಿಸಿದ್ದೇವೆ. ಕಾರ್ಡ್ ಬೇರೆಯಾಗಿದ್ದರೆ, ಲಕ್ಷಣಗಳು ಒಂದೇ ರೀತಿ ಕಂಡರೂ, ದಯವಿಟ್ಟು ಬೇರೆ ಚರ್ಚೆಯನ್ನು ಆರಂಭಿಸಿರಿ.

13. ಅಚ್ಚುಮೊಳೆ

ರಾತ್ರಿಪಾಳಿಯವರೇ, ನೀವು ಹೇಳಿದ ಅನುಕ್ರಮದಲ್ಲೇ ಮಾಡಿದೆ. 5.15ರಲ್ಲಿ ಒಳಬಂದು 6.8 ತೆಗೆದೆ, ಎನ್‌ವಿಡಿಯಾ ಪ್ಯಾಕೇಜುಗಳೆಲ್ಲ ಹೋದವು. ಆದರೂ ಮರಳಿ ಚಾಲೂ ಮಾಡಿದಾಗ ಅದೇ 1024×768, ಅದೇ ಎಲ್‌ಎಲ್‌ವಿಎಂಪೈಪ್. ನೂವೋ ಬರಲಿಲ್ಲ. "ಡ್ರೈವರ್ ಇನ್ ಯೂಸ್" ಸಾಲು ಈಗಲೂ ಇಲ್ಲ.

14. ರಾತ್ರಿಪಾಳಿ

ಹಾಗಾದರೆ ಯಾರೋ ಕೈಯಾರೆ ತಡೆ ಹಾಕಿದ್ದಾರೆ. ಪ್ಯಾಕೇಜ್ ಹಾಕಿದ ತಡೆ ಪ್ಯಾಕೇಜಿನೊಡನೆ ಹೋಗುತ್ತದೆ, ಕೈಯಲ್ಲಿ ಬರೆದದ್ದು ಹೋಗುವುದಿಲ್ಲ. ಇಟಿಸಿ ಕಡತಕೋಶದೊಳಗಿನ ಮಾಡ್‌ಪ್ರೋಬ್.ಡಿ ಎಂಬಲ್ಲಿ ನೂವೋ ಹೆಸರಿನ ಯಾವುದಾದರೂ ಕಡತ ಇದೆಯೇ ನೋಡಿರಿ. ಅದೇ ರೀತಿ ಇಟಿಸಿಯ ಡಿಫಾಲ್ಟ್ ಒಳಗಿನ ಗ್ರಬ್ ಕಡತದಲ್ಲಿ "ನೋಮೋಡ್‌ಸೆಟ್" ಎಂಬ ಪದವಿದೆಯೇ ಎಂಬುದನ್ನೂ ನೋಡಿರಿ. ಪರದೆ ಕಪ್ಪಾದಾಗ ಒಮ್ಮೆ ಒಳಬರಲು ಆ ಪದ ಸಹಾಯಕ, ಶಾಶ್ವತವಾಗಿ ಬರೆದಿಟ್ಟರೆ ನೂವೋ ಪರದೆಯನ್ನು ಕೈಗೆತ್ತಿಕೊಳ್ಳುವುದೇ ಇಲ್ಲ.

ಸಿಕ್ಕಿದ್ದನ್ನು ತೆಗೆದ ಮೇಲೆ "ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು" ಮತ್ತು "ಸುಡೊ ಅಪ್‌ಡೇಟ್-ಗ್ರಬ್" ಎರಡನ್ನೂ ಕೊಡಬೇಕು. ಬೂಟ್‌ನ ಆರಂಭದಲ್ಲಿ ಓದುವ ಪ್ರತಿ ಬೇರೆಯೇ ಇರುತ್ತದೆ. ಅದನ್ನು ಹೊಸದಾಗಿ ಕಟ್ಟದಿದ್ದರೆ ಮೂಲ ಕಡತ ಅಳಿಸಿದರೂ ತಡೆ ಉಳಿದಿರುತ್ತದೆ.

15. ಅಚ್ಚುಮೊಳೆ

ಎರಡೂ ಇದ್ದವು! ಅಕ್ಕನ ಮಗನಿಗೆ ಫೋನ್ ಮಾಡಿ ಕೇಳಿದೆ. ಯಾವುದೋ ವಿಡಿಯೊದಲ್ಲಿ ತೋರಿಸಿದ್ದನ್ನು ನೋಡಿ ಬರೆದದ್ದೆಂದು ಒಪ್ಪಿಕೊಂಡ. ತೆಗೆದ ಮೇಲೆ ನೂವೋ ಬಂದಿದೆ, ಎರಡು ಮಾನಿಟರುಗಳೂ ಪೂರ್ಣ ಅಳತೆಯಲ್ಲಿವೆ, ಫ್ಯಾನ್ ತಣ್ಣಗಾಗಿದೆ.

16. ತುಂಬೆಹೂ

ಹಾಗಿದ್ದರೆ ಇಲ್ಲಿಗೇ ನಿಲ್ಲಿಸುವುದು ಉತ್ತಮವೆಂದು ನನ್ನ ಅಭಿಪ್ರಾಯ. ನೂವೋ 2010ರಲ್ಲಿ 2.6.33 ಆವೃತ್ತಿಯಿಂದಲೇ ಕರ್ನಲ್ ಜೊತೆಗಿದೆ. ನಾಳೆ ಕರ್ನಲ್ ಬದಲಾದರೂ ಅದು ಜೊತೆಯಲ್ಲೇ ಬದಲಾಗುತ್ತದೆ. 390ಗೆ ಭದ್ರತಾ ತಿದ್ದುಪಡಿಗಳು ನಿಂತು ವರ್ಷಗಳಾಗಿವೆ. ಗ್ರಾಹಕರ ಪೆನ್‌ಡ್ರೈವ್, ಇಮೇಲ್ ಎಲ್ಲವನ್ನೂ ತೆರೆಯುವ ಅಂಗಡಿಯ ಯಂತ್ರದಲ್ಲಿ, ಕರ್ನಲ್ ಮಟ್ಟದಲ್ಲಿ ನಡೆಯುವ ಅಂತಹ ಡ್ರೈವರನ್ನು ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಫರ್ಮಿ ಕಾರ್ಡುಗಳ ವೇಗವನ್ನು ನೂವೋ ಪೂರ್ತಿ ಏರಿಸಲಾರದು ಎಂಬುದು ನಿಜ, ಆದರೆ ಲಗ್ನಪತ್ರಿಕೆಯ ವಿನ್ಯಾಸಕ್ಕೆ ಆ ವೇಗವೇನೂ ಬೇಕಿಲ್ಲ.

17. ರಾತ್ರಿಪಾಳಿ

ತುಂಬೆಹೂ ಅವರ ಮಾತನ್ನು ಒಪ್ಪುತ್ತೇನೆ, ಒಂದು ಷರತ್ತಿನೊಡನೆ. ಹಳೆಯ ಕಾರ್ಡುಗಳಲ್ಲಿ ನೂವೋ ಕೆಲವೊಮ್ಮೆ ವಿಡಿಯೊ ನಡೆಯುವಾಗ ಇಡೀ ಪರದೆಯನ್ನು ಸ್ತಬ್ಧಗೊಳಿಸುವುದುಂಟು. ಒಂದು ವಾರ ಕೆಲಸ ಮಾಡಿ ನೋಡಿ. ಹಾಗಾಗದಿದ್ದರೆ 390 ಬೇಡವೇ ಬೇಡ. ಆದರೆ ಕಾರ್ಡನ್ನೇ ಕಳಚಿ ಎರಡು ಮಾನಿಟರುಗಳನ್ನೂ ಎಚ್‌ಡಿ 4600ಗೆ ಜೋಡಿಸುವುದು ಅದಕ್ಕಿಂತಲೂ ನೆಮ್ಮದಿಯ ದಾರಿ. ಮದರ್‌ಬೋರ್ಡಿನಲ್ಲಿ ಎರಡು ಕಿಂಡಿಗಳಿವೆಯೇ?

18. ಅಚ್ಚುಮೊಳೆ

ಒಂದು ವಾರದ ಬಳಿಕ ಬರೆಯುತ್ತಿದ್ದೇನೆ. ನೂವೋದಲ್ಲಿ ಎರಡು ಸಲ ಪರದೆ ನಿಂತುಹೋಯಿತು, ಎರಡೂ ಸಲ ಬ್ರೌಸರಿನಲ್ಲಿ ವಿಡಿಯೊ ನೋಡುತ್ತಿದ್ದಾಗ; ಎರಡನೆಯ ಸಲ ಉಳಿಸದೆ ಇದ್ದ ಒಂದು ಕರಪತ್ರ ಹೋಯಿತು. ಹಾಗಾಗಿ ಕಾರ್ಡನ್ನು ಕಳಚಿಟ್ಟೆ. ಮದರ್‌ಬೋರ್ಡಿನಲ್ಲಿ ಒಂದು ವಿಜಿಎ, ಒಂದು ಡಿವಿಐ ಇವೆ. ಎರಡೂ ಮಾನಿಟರುಗಳು ಅವುಗಳಲ್ಲೇ ನಡೆಯುತ್ತಿವೆ. ಮೊನ್ನೆಯಿಂದ ಒಮ್ಮೆಯೂ ನಿಂತಿಲ್ಲ. "ಡ್ರೈವರ್ ಇನ್ ಯೂಸ್: ಐ915" (ಇಂಟೆಲ್ ಗ್ರಾಫಿಕ್ಸ್ ಡ್ರೈವರ್) ಎಂಬ ಸಾಲು ಈಗ ಇದೆ, ನೋಡಿ ಖುಷಿಯಾಯಿತು.

ಇನ್ನೊಂದು ವಿಷಯ. ಟೈಪಿಂಗ್ ಮಾಡುವ ಹುಡುಗಿ ಕೂರುವ ಎರಡನೆಯ ಯಂತ್ರದಲ್ಲೂ ಜಿಟಿ 730 ಇದೆ. ಎರಡನ್ನೂ ಒಂದೇ ದಿನ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಒಂದೇ ಬಣ್ಣದ ಪೆಟ್ಟಿಗೆಗಳಲ್ಲಿ ತಂದಿದ್ದೆ. ಅಲ್ಲೂ ಎಲ್‌ಎಸ್‌ಪಿಸಿಐ ಕೊಟ್ಟು ನೋಡಿದೆ: ಜಿಕೆ208ಬಿ, 10ಡಿಇ:1287. ಅದರಲ್ಲಿ 470 ಕುಳಿತಿದೆ, ನಡೆಯುತ್ತಿದೆ. ಅಪ್‌ಡೇಟ್ ಮ್ಯಾನೇಜರಿನ ಕರ್ನಲ್ ಪಟ್ಟಿಯನ್ನು ಮುಟ್ಟಬೇಡವೆಂದು ಹುಡುಗಿಗೂ ಅಕ್ಕನ ಮಗನಿಗೂ ಹೇಳಿದ್ದೇನೆ.